ಮಂಜಪ್ಪನ ಅಂಗಳದ ಸದ್ದು

ಮಂಜಪ್ಪ ಜನರೇಟರ್ ಆಯ್ಕೆ ಮಾಡಲು ನಾಲ್ಕು ತಿಂಗಳು ತೆಗೆದುಕೊಂಡ. ತನ್ನನ್ನು ನೋಡಿ ಒಪ್ಪಲು ಈ ಮನುಷ್ಯನಿಗೆ ಅರ್ಧ ಗಂಟೆ ಸಾಕಾಗಿತ್ತು ಎಂದು ಅವನ ಹೆಂಡತಿ ಪರಿಮಳಾ ಬಂದವರಿಗೆಲ್ಲ ಒಮ್ಮೆ ಬರುವಾಗ, ಒಮ್ಮೆ ಹೋಗುವಾಗ ಹೇಳಿದಳು. ಲೋಕೋಪಯೋಗಿ ಇಲಾಖೆಯಲ್ಲಿ ಮೂವತ್ತೊಂದು ವರ್ಷ ಗುಮಾಸ್ತನಾಗಿದ್ದು ನಿವೃತ್ತನಾದ ಜೀವ ಮಂಜಪ್ಪನದು. ಒಂದು ಮೋರಿಗೆ ಚಪ್ಪಡಿ ಮುಚ್ಚಬೇಕಾದರೂ ಮೂರು ಕಡೆಯಿಂದ ವರದಿ ಬರಬೇಕು ಎಂಬ ಶಿಸ್ತು ಅವನ ರಕ್ತಕ್ಕೆ ಇಳಿದಿತ್ತು.

ಜನರೇಟರ್ ಬೇಕಾಗಿದ್ದು ಅವನ ತಾಯಿ ಅನ್ನಪೂರ್ಣವ್ವನಿಗೆ. ಎಂಬತ್ತಮೂರು ವರ್ಷದ ಆಕೆಯ ಶ್ವಾಸಕೋಶ ಸೋತಿತ್ತು. ಓಣಿಯ ಸೇವಾ ಸಮಿತಿಯವರು ಗಾಳಿಯಿಂದ ಆಮ್ಲಜನಕ ಸೋಸಿ ಕೊಡುವ ಮಿಷನ್ನೊಂದನ್ನು ಎರವಲು ಕೊಟ್ಟಿದ್ದರು. ಬಿಳಿಯ, ಗಾಲಿಯ ಮೇಲೆ ನಿಂತ, ಮೊಣಕಾಲಿಗಿಂತ ತುಸು ಎತ್ತರದ ಪೆಟ್ಟಿಗೆ. ಅದರಿಂದ ಹೊರಟ ಸಣ್ಣ ಕೊಳವೆ ಅನ್ನಪೂರ್ಣವ್ವನ ಮೂಗಿಗೆ ಸೇರುತ್ತಿತ್ತು, ದಿನದಲ್ಲಿ ಹದಿನಾರು ತಾಸು. ಮಿಷನ್ನಿಗೆ ಕರೆಂಟು ಬೇಕು. ಶಿರಸಿಯಲ್ಲಿ ಗಾಳಿ ಬೀಸಿದರೆ ಮರ ಬೀಳುತ್ತದೆ, ಮರ ಬಿದ್ದರೆ ತಂತಿ ಬೀಳುತ್ತದೆ, ಯಾವ ಮರ ಯಾವ ತಂತಿಯ ಮೇಲೆ ಬಿತ್ತು ಎಂದು ಹುಡುಕಲು ಲೈನ್‌ಮನ್ ಕಾಡು ಹೊಗಬೇಕಾಗುತ್ತದೆ. ಒಂದು ಸಲ ಹಾಗೆ ಕರೆಂಟು ಹೋಗಿ ಕಾಲು ತಾಸಿನಲ್ಲಿ ಅವ್ವನ ತುಟಿ ನೀಲಿಯಾದದ್ದನ್ನು ಮಂಜಪ್ಪ ನೋಡಿದ್ದ. ಇನ್ನೊಮ್ಮೆ ಅದನ್ನು ನೋಡುವ ಧೈರ್ಯ ಅವನಿಗಿರಲಿಲ್ಲ.

ಆದ್ದರಿಂದ ಜೂನ್ ತಿಂಗಳ ಮೊದಲ ವಾರವೇ ಅವನು ವಿಚಾರಣೆ ಶುರುಮಾಡಿದ. ಎದುರು ಮನೆಯ ಕಮಲಾಕರ, ಬ್ಯಾಂಕಿನಲ್ಲಿ ಮ್ಯಾನೇಜರ್ ಆಗಿ ನಿವೃತ್ತರಾದವರು, ಗೇಟಿಗೆ ಕೈಯೂರಿ ನಿಂತು ಹೇಳಿದರು:

"ಇನ್ವರ್ಟರ್ ಹಾಕಿಸಿ ಮಾರಾಯ್ರೆ. ಸದ್ದಿಲ್ಲ, ಹೊಗೆ ಇಲ್ಲ. ನಮ್ಮನೆಲಿ ಕರೆಂಟು ಹೋದದ್ದೇ ಗೊತ್ತಾಗುದಿಲ್ಲ."

ಆ ಕ್ಷಣವೇ ಇನ್ವರ್ಟರ್ ಬೇಡ ಎಂದು ಮಂಜಪ್ಪ ನಿಶ್ಚಯಿಸಿದ. ದಿನಗಟ್ಟಲೆ ಕರೆಂಟು ಹೋದರೆ ಇನ್ವರ್ಟರ್ ಎರಡು ಮೂರು ತಾಸಿಗೆ ಕೈಕೊಡುತ್ತದೆ ಎಂಬುದು ಅವನು ಹೊರಗೆ ಹೇಳಿದ ಕಾರಣ. ಅದು ಕಮಲಾಕರರ ಮನೆಯಲ್ಲಿ ಈಗಾಗಲೇ ಇದೆ ಎಂಬುದು ಒಳಗಿನ ಕಾರಣ. ಎರಡೂ ಕಾರಣಗಳು ಸರಿಯೇ ಇದ್ದವು.

ಯಲ್ಲಾಪುರದಲ್ಲಿ ಲಾರಿ ಗ್ಯಾರೇಜು ಇಟ್ಟಿದ್ದ ಪರಿಮಳಾಳ ತಮ್ಮ ವಿನೋದ ಫೋನಿನಲ್ಲಿ ಸಲಹೆ ಕೊಟ್ಟ. "ಭಾವಾ, ತಗೊಂಡ್ರ ಡೀಸಲ್ದು ತಗೋರಿ. ನಮ್ಮ ಗ್ಯಾರೇಜಿನಾಗ ಒಂದೈತಿ, ಹತ್ತು ಲಾರಿ ಬ್ಯಾಟರಿ ಒಮ್ಮಿಗೇ ಚಾರ್ಜ್ ಮಾಡತೈತಿ."

"ನಮ್ಮವ್ವ ಲಾರಿ ಅಲ್ಲೋ ವಿನೋದಾ," ಎಂದು ಮಂಜಪ್ಪ ಗಂಭೀರವಾಗಿ ಹೇಳಿದ.

ಕೊನೆಗೆ ದೇವಿಕೆರೆ ಹತ್ತಿರ ಮೋಟಾರು, ಪಂಪು ರಿಪೇರಿ ಮಾಡುವ ಉಲ್ಲಾಸ ಬಂದು ಮನೆಯಲ್ಲಿದ್ದ ಬಲ್ಬು, ಫ್ಯಾನು, ಆಕ್ಸಿಜನ್ ಮಿಷನ್ನು ಎಲ್ಲವನ್ನೂ ಎಣಿಸಿ, ಪೆಟ್ರೋಲಿನಲ್ಲಿ ನಡೆಯುವ ಸಣ್ಣದೊಂದು ಸಾಕು ಎಂದ. ಅದರಲ್ಲೂ ಎರಡು ಬಗೆ. ಒಂದು ಪೂರ್ತಿ ಪೆಟ್ಟಿಗೆಯೊಳಗೆ ಮುಚ್ಚಿದ್ದು, ಸದ್ದು ಕಡಿಮೆ. ಇನ್ನೊಂದು ಬರೀ ಕಬ್ಬಿಣದ ಚೌಕಟ್ಟಿನ ನಡುವೆ ತೆರೆದುಕೊಂಡು ಕೂತದ್ದು. ಹಗ್ಗ ಎಳೆದು ಚಾಲೂ ಮಾಡಬೇಕು, ಸದ್ದು ಬಹಳ.

"ಮುಚ್ಚಿದ್ದೇ ತಗೊಳ್ಳಿ," ಅಂದ ಉಲ್ಲಾಸ. "ವಯಸ್ಸಾದವರಿದ್ದ ಮನೆ."

"ಸದ್ದ ಇಲ್ಲ ಅಂದ್ರ ನಡ್ಯಾಕತ್ತೈತಿ ಅಂತ ಗೊತ್ತಾಗೂದು ಹ್ಯಾಂಗ?"

"ಲೈಟು ಹತ್ತಿರ್ತದಲ್ಲ ಮಾರಾಯ್ರೆ."

"ಅದು ನಮಗ ಗೊತ್ತಾತು. ಓಣಿಗೆ?"

ಉಲ್ಲಾಸ ಅವನ ಮುಖ ನೋಡಿದ. ಹೀಗೆ ಮಂಜಪ್ಪ ದುಡ್ಡು ಕೊಟ್ಟು ಸದ್ದನ್ನು ಕೊಂಡುಕೊಂಡ. ಮುಂದೆ ನಡೆದದ್ದಕ್ಕೆಲ್ಲ ಈ ಒಂದು ಮಾತೇ ಬುಡ. ಅದನ್ನು ಅವನು ಸಾಯುವತನಕ ಒಪ್ಪುವ ಲಕ್ಷಣವಿಲ್ಲ.

ವಿನೋದ ಹುಬ್ಬಳ್ಳಿಯಿಂದ ಮಿಷನ್ನು ತಂದಿಳಿಸಿದಾಗ ಅಕ್ಟೋಬರ್ ಮುಗಿಯುತ್ತ ಬಂದಿತ್ತು. ಮಳೆ ನಿಂತಿತ್ತು. ಕರೆಂಟು ಹೋದರೂ ಐದು ನಿಮಿಷಕ್ಕೆ ಬರುತ್ತಿತ್ತು. ಮಂಜಪ್ಪ ಅಂಗಳದ ಮೂಲೆಯಲ್ಲಿ ಅದಕ್ಕೊಂದು ಕಟ್ಟೆ, ಮೇಲೊಂದು ತಗಡು ಮಾಡಿಸಿ, ಮೂರು ಬೆರಳಿನಲ್ಲಿ ವಿಭೂತಿ ಎಳೆದು, ಕಾಯಿ ಒಡೆದ. ಅನ್ನಪೂರ್ಣವ್ವ ಜಗಲಿಯ ಕುರ್ಚಿಯಲ್ಲಿ ಕೂತು ಎಲ್ಲವನ್ನೂ ನೋಡಿದಳು.

"ನನ್ನ ಉಸರಿಗೆ ಇಷ್ಟ ಗದ್ದಲ ಬೇಕಾತೇನ ಮಂಜಾ?" ಎಂದು ಕೇಳಿದಳು.

ಅದರ ಹಗ್ಗವನ್ನು ನಿಜವಾದ ಕೆಲಸಕ್ಕೆ ಮೊದಲ ಬಾರಿ ಎಳೆದದ್ದು ಅವಳ ಉಸಿರಿಗಲ್ಲ. ಓಣಿಯ ತುದಿಮನೆಯ ಶಂಕ್ರಪ್ಪ ತೀರಿಕೊಂಡ. ಅವನ ಮಗ ಗುಜರಾತಿನ ಬಂದರೊಂದರಲ್ಲಿ ಕ್ರೇನ್ ನಡೆಸುವವನು, ಬಂದು ಮುಟ್ಟಲು ಒಂದೂವರೆ ದಿನ ಬೇಕು. ಸೇವಾ ಸಮಿತಿಯ ಕಾರ್ಯದರ್ಶಿ ಪ್ರಮೋದ, ದೇಹ ಕೆಡದಂತೆ ಇಡುವ ಶೀತಪೆಟ್ಟಿಗೆಯನ್ನು ಆಟೋದಲ್ಲಿ ತಂದಿಳಿಸಿದ. ಓಣಿಯ ತುದಿಗೆ ವೋಲ್ಟೇಜು ಸಾಲದು, ಹಿಂದೊಮ್ಮೆ ಪೆಟ್ಟಿಗೆ ಅದರಿಂದಲೇ ಸುಟ್ಟಿತ್ತು. ಪ್ರಮೋದ ಮಂಜಪ್ಪನ ಮುಂದೆ ಕೈ ಮುಗಿದು ನಿಂತ.

"ಮಿಷನ್ನು ಇಲ್ಲೇ ಇರ್ಲಿ ಮಂಜಣ್ಣ, ವೈರು ಮಾತ್ರ ಎಳೀತೇವೆ."

ವೈರು ಮೂರು ಮನೆಗಳ ಕಾಂಪೌಂಡಿನ ಮೇಲಿಂದ ಹೋಯಿತು. ಜನರೇಟರ್ ಒಂದೂವರೆ ದಿನ ಗುಡುಗಿತು. ಶಂಕ್ರಪ್ಪನ ಮಗ ಬಂದು ತಂದೆಯ ಮುಖ ನೋಡಿ, ಆಮೇಲೆ ಮಂಜಪ್ಪನ ಎರಡೂ ಕೈ ಹಿಡಿದುಕೊಂಡು ಅತ್ತ. ಮಂಜಪ್ಪನಿಗೆ ತನ್ನ ಮೂವತ್ತೊಂದು ವರ್ಷದ ನೌಕರಿಯಲ್ಲಿ ಇಷ್ಟು ದೊಡ್ಡ ಕೆಲಸ ಮಾಡಿದ ನೆನಪಿರಲಿಲ್ಲ.

ಆ ಚಳಿಗಾಲ ಓಣಿಯ ಹಿರಿಯರ ಪಾಲಿಗೆ ಒಳ್ಳೆಯದಾಗಿರಲಿಲ್ಲ. ಎರಡು ತಿಂಗಳಲ್ಲಿ ಇನ್ನೂ ಮೂವರು ಹೋದರು. ಮೂರು ಸಲವೂ ಪ್ರಮೋದ ಬಂದ, ವೈರು ಹೋಯಿತು, ಮಂಜಪ್ಪನ ಅಂಗಳದಲ್ಲಿ ಮಿಷನ್ನು ಗುಡುಗಿತು. ಬೇರೆ ಯಾವ ಕಾರಣಕ್ಕೂ ಅದು ಆತನಕ ಗುಡುಗಿರಲಿಲ್ಲ. ಮೂರನೆಯ ಸಾವಿಗೆ ಯಾರೂ ಯಾರಿಗೂ ಸುದ್ದಿ ಹೇಳುವ ಅಗತ್ಯ ಬೀಳಲಿಲ್ಲ. ಸದ್ದು ಕೇಳಿದ ಕೂಡಲೇ ಮೂಲೆಯ ಕಿರಾಣಿ ಅಂಗಡಿಯವನು ಷಟರು ಅರ್ಧ ಎಳೆದ, ಹೆಂಗಸರು ಸೆರಗು ಹೊದ್ದು ಹೊರಬಿದ್ದರು, ಭಜನೆಯವರು ತಾಳ ತೆಗೆದುಕೊಂಡರು. ಎಲ್ಲರೂ ಬಂದು ಮೊದಲು ಕೇಳುತ್ತಿದ್ದ ಪ್ರಶ್ನೆ, ಯಾರು ಎಂಬುದು. ಮಂಜಪ್ಪ ವೈರಿನ ದಿಕ್ಕಿಗೆ ಕೈ ತೋರಿಸುತ್ತಿದ್ದ.

ಜನವರಿಯಲ್ಲಿ ಉಲ್ಲಾಸ ಬಂದು ಎಣ್ಣೆ ಬದಲಿಸಿ ಒಂದು ಮಾತು ಹೇಳಿ ಹೋದ.

"ಇದನ್ನ ಸುಮ್ನೆ ಇಟ್ರೆ ಹಾಳಾಗ್ತದೆ ಮಂಜಪ್ಪನವ್ರೆ. ಪೆಟ್ರೋಲು ಒಳಗೇ ಅಂಟಾಗ್ತದೆ. ಕೆಲಸ ಇರ್ಲಿ ಬಿಡ್ಲಿ, ತಿಂಗಳಿಗೊಮ್ಮೆ ಅರ್ಧ ಗಂಟೆ ನಡೆಸ್ಬೇಕು. ಸುಮ್ನೆ ಅಲ್ಲ, ಲೋಡ್ ಹಾಕೇ ನಡೆಸ್ಬೇಕು."

ಇಲಾಖೆಯ ಮನುಷ್ಯನಿಗೆ ನಿಯಮವೊಂದು ಸಿಕ್ಕಿತು. ಮುಂದಿನ ಭಾನುವಾರ ಬೆಳಿಗ್ಗೆ ಸರಿಯಾಗಿ ಹತ್ತಕ್ಕೆ ಮಂಜಪ್ಪ ಅವ್ವನ ಆಕ್ಸಿಜನ್ ಮಿಷನ್ನಿನ ಪ್ಲಗ್ಗನ್ನು ಜನರೇಟರಿಗೆ ಸಿಕ್ಕಿಸಿ ಹಗ್ಗ ಎಳೆದ. ಏಳನೆಯ ಎಳೆತಕ್ಕೆ ಅದು ಗುಡುಗಿತು. ಓಣಿಯಲ್ಲಿ ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ಕಿರಾಣಿ ಅಂಗಡಿಯ ಷಟರು ಕರಕರ ಎಂದು ಇಳಿಯಿತು.

ಮೊದಲು ಬಂದವಳು ಪಕ್ಕದ ಮನೆಯ ದಾಕ್ಷಾಯಿಣಿ. ತನ್ನ ಹಿತ್ತಿಲ ಕರಿಬೇವನ್ನು ಅನ್ನಪೂರ್ಣವ್ವ ಕೇಳದೆ ಕಿತ್ತಳೆಂಬ ಮಾತಿಗೆ ಇಬ್ಬರ ನಡುವೆ ಆರು ವರ್ಷದಿಂದ ಮಾತಿರಲಿಲ್ಲ. ಅವಳು ಗೇಟಿನಿಂದಲೇ ಅಳುತ್ತ ಬಂದಳು. ವೈರು ಬೇರೆ ಯಾವ ಮನೆಗೂ ಹೋಗಿಲ್ಲ, ಈ ಮನೆಯೊಳಗೇ ಹೋಗಿದೆ ಎಂಬುದನ್ನು ಅವಳ ಕಣ್ಣು ಆಗಲೇ ನೋಡಿತ್ತು.

"ಆರು ವರ್ಷ ಮಾತಾಡ್ಲಿಲ್ಲ ನಾನು ಪಾಪಿ. ಒಂದ ಎಸಳ ಕರಿಬೇವಿಗೆ ಅಂಥಾ ತಾಯಿನ್ನ ದೂರ ಮಾಡ್ಕೊಂಡ್ನಲ್ಲೋ ಮಂಜಣ್ಣಾ."

ಅವಳ ಹಿಂದೆ ಹೂಮಾಲೆ ಹಿಡಿದ ಹತ್ತು ಜನ, ಹತ್ತು ಜನರ ಹಿಂದೆ ಭಜನೆಯವರು. ಕಮಲಾಕರ ಶಾಲು ಹೊದ್ದು ಬಂದು ಮಂಜಪ್ಪನ ಹೆಗಲ ಮೇಲೆ ಕೈ ಇಟ್ಟು, "ಧೈರ್ಯ ತಗೊಳ್ಳಿ ಮಾರಾಯ್ರೆ, ವಯಸ್ಸಾಗಿತ್ತು," ಎಂದರು. ಮಂಜಪ್ಪ ಬಾಯಿ ತೆರೆದ. ಜನರೇಟರಿನ ಪಕ್ಕ ನಿಂತ ಮನುಷ್ಯ ಏನು ಹೇಳಿದರೂ ಯಾರಿಗೂ ಕೇಳಿಸುವುದಿಲ್ಲ ಎಂಬುದು ಅವನು ಆಯ್ಕೆ ಮಾಡುವಾಗ ಯೋಚಿಸದಿದ್ದ ಸಂಗತಿ. ಅವನು ಕೈ ಅಲ್ಲಾಡಿಸಿದ. ದುಃಖದಲ್ಲಿ ಮಾತು ಹೊರಡುತ್ತಿಲ್ಲ ಎಂದುಕೊಂಡು ಕಮಲಾಕರ ಅವನನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡರು.

ಅಷ್ಟರಲ್ಲಿ ಪ್ರಮೋದನ ಆಟೋ ಬಂದು ನಿಂತಿತು. ಅದರಲ್ಲಿ ಶೀತಪೆಟ್ಟಿಗೆ. ಸೇವೆಯಲ್ಲಿ ಪಳಗಿದವನು ಅವನು, ಮಾತು ಕಡಿಮೆ. "ಪೆಟ್ಟಿಗೆ ಇಳಿಸಿ, ಆಕ್ಸಿಜನ್ ಮಿಷನ್ನು ಆಟೋಕ್ಕೆ ಹಾಕ್ರಿ," ಎಂದು ಇಬ್ಬರಿಗೆ ಕೂಗಿ ಹೇಳಿದ. "ತಪ್ಪು ತಿಳಿಬೇಡ ಮಂಜಣ್ಣ. ಸಿದ್ದಾಪುರದಾಗೆ ಒಬ್ರು ಕಾಯ್ತಾ ಇದ್ದಾರೆ. ಹೆಂಗೂ ಆಟೋ ಬಂದದೆ, ಒಂದೇ ಖೇಪಿಗೆ ಆಗ್ತದೆ."

ಇಬ್ಬರು ಒಳಗೆ ಹೋದರು. ಹೋದಷ್ಟೇ ಬೇಗ ಹಿಂದೆ ಸರಿದರು. ಮೂಗಿಗೆ ಕೊಳವೆ ಸಿಕ್ಕಿಸಿಕೊಂಡ ಅನ್ನಪೂರ್ಣವ್ವ, ತಟ್ಟೆಯಲ್ಲಿ ಒಗ್ಗರಣೆ ಅವಲಕ್ಕಿ ಹಿಡಿದು ಬಾಗಿಲಿಗೆ ಬಂದು ನಿಂತಿದ್ದಳು. ಮಂಜಪ್ಪ ಆಗ ಜನರೇಟರ್ ಬಂದ್ ಮಾಡಿದ. ಮೌನದಲ್ಲಿ ಭಜನೆಯವನೊಬ್ಬನ ತಾಳ ಒಂದು ಸಲ ಸುಮ್ಮನೆ ಕಿಣಿ ಎಂದಿತು.

"ಯಾರ್ ಹೋದ್ರಪಾ?" ಎಂದು ಅನ್ನಪೂರ್ಣವ್ವ ಕೇಳಿದಳು.

ಅವಳು ಹೂಮಾಲೆಗಳನ್ನು ನೋಡಿದಳು, ಪೆಟ್ಟಿಗೆಯನ್ನು ನೋಡಿದಳು, ಅಳುತ್ತ ನಿಂತ ದಾಕ್ಷಾಯಿಣಿಯನ್ನು ನೋಡಿದಳು. ಅರ್ಥವಾಗಲು ಅವಳಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ.

"ತಂದ ಹೂವ ತಿರುಗಿ ಒಯ್ಯಬ್ಯಾಡ್ರಿ, ದೇವರ ಮ್ಯಾಲ ಹಾಕ್ರಿ. ಪರಿಮಳಾ, ಇವರಿಗೆಲ್ಲ ಚಾ ಇಡು." ಆಮೇಲೆ ದಾಕ್ಷಾಯಿಣಿಯ ಕಡೆ ತಿರುಗಿ, "ನೀ ಅಳಬ್ಯಾಡ, ಒಳಗ ಬಾ. ಅವಲಕ್ಕಿಗೆ ಕರಿಬೇವು ಇದ್ದಿಲ್ಲ ನೋಡು," ಎಂದಳು.

ಪರಿಮಳಾ ಆ ದಿನ ಮೂವತ್ತೆಂಟು ಲೋಟ ಚಹಾ ಮಾಡಿದಳು.

ಮಂಜಪ್ಪ ಈ ಗೊಂದಲಕ್ಕೆ ಪರಿಹಾರ ಹುಡುಕಿದ್ದು ತನಗೆ ತಿಳಿದ ದಾರಿಯಲ್ಲಿ. ಒಂದು ಬೋರ್ಡು ಬರೆಸಿ ಗೇಟಿಗೆ ತೂಗುಹಾಕಿದ. "ಸಾರ್ವಜನಿಕರ ಗಮನಕ್ಕೆ. ಪ್ರತಿ ತಿಂಗಳ ಮೊದಲನೇ ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಯಂತ್ರದ ಪರೀಕ್ಷೆ ಇರುತ್ತದೆ. ಸದರಿ ಸಮಯದಲ್ಲಿ ಈ ಮನೆಯಲ್ಲಿ ಯಾರೂ ತೀರಿಕೊಂಡಿರುವುದಿಲ್ಲ."

ಕಮಲಾಕರ ಕನ್ನಡಕ ಹಾಕಿಕೊಂಡು ಅದನ್ನು ಎರಡು ಸಲ ಓದಿದರು. "ಹತ್ತು ಗಂಟೆಗೆ ಯಾರೂ ತೀರಿಕೊಂಡಿಲ್ಲ ಅಂತ ಬರೆದಿದ್ರಿ. ಹತ್ತೂವರೆಗೆ ಎಂತ ಅಂತ ತಿಳ್ಕೊಳ್ಳಬೇಕು?"

ಬನವಾಸಿಯಿಂದ ಬಂದ ನೆಂಟರೊಬ್ಬರು ಬೋರ್ಡಿನ ಮೊದಲೆರಡು ಸಾಲು ಬಿಟ್ಟು "ತೀರಿಕೊಂಡ" ಎಂಬಷ್ಟನ್ನೇ ಓದಿ ಗೇಟಿನಲ್ಲೇ ಕುಸಿದು ಕೂತರು. ಫೆಬ್ರವರಿಯ ಪರೀಕ್ಷೆಗೆ ಓಣಿಯ ಈ ತುದಿಯವರು ಬರಲಿಲ್ಲ. ಬೋರ್ಡು ಕಾಣದ, ಸದ್ದು ಮಾತ್ರ ಕೇಳುವ ಹಿಂದಿನ ಓಣಿಯವರು ಬಂದರು. ಅವರಿಗೂ ಚಹಾ ಆಗಬೇಕಾಯಿತು. ಅವರು ಹೋದ ಮೇಲೆ ಪರಿಮಳಾ ಸೆರಗಿಗೆ ಕೈ ಒರೆಸುತ್ತ ಅಂಗಳಕ್ಕೆ ಬಂದಳು.

"ಜೀವ ಇರೋ ಅತ್ತಿ ಸಲುವಾಗಿ ತಿಂಗಳಾ ಹೂವಿನ ಮಾಲಿ ಬರೂದು ನೋಡಾಕ ನನ್ನ ಕೈಲೆ ಆಗಂಗಿಲ್ಲ. ಇನ್ನೊಮ್ಮಿ ಆ ಹಗ್ಗಕ್ಕ ಕೈ ಹಚ್ಚಿದ್ರ ಚಾನೂ ನೀವ ಮಾಡ್ರಿ, ಬಂದವ್ರಿಗೆ ಉತ್ತರಾನೂ ನೀವ ಹೇಳ್ರಿ."

ಮಂಜಪ್ಪ ಹಗ್ಗದಿಂದ ಕೈ ತೆಗೆದ. ಆದರೆ ಮಿಷನ್ನನ್ನು ಅಲಕ್ಷ್ಯ ಮಾಡಿದ ಎಂದು ಯಾರೂ ಹೇಳುವಂತಿಲ್ಲ. ದಿನಾ ಬೆಳಿಗ್ಗೆ ಒದ್ದೆ ಬಟ್ಟೆಯಲ್ಲಿ ಒರೆಸಿದ. ಸೋಮವಾರ ವಿಭೂತಿ, ಮೇಲೆ ಎರಡು ದಾಸವಾಳ. ಧೂಳು ಕೂರದಂತೆ ಅನ್ನಪೂರ್ಣವ್ವನ ಹಳೆಯ ಇಳಕಲ್ ಸೀರೆಯೊಂದನ್ನು ಹೊದಿಸಿದ. ಹೊರಗಿನಿಂದ ನೋಡಿದರೆ ಉತ್ತರ ಕನ್ನಡ ಜಿಲ್ಲೆಯಲ್ಲಿ ಅಷ್ಟು ಹೊಳೆಯುವ ಜನರೇಟರ್ ಇನ್ನೊಂದಿರಲಿಲ್ಲ. ಒಳಗೆ ಪೆಟ್ರೋಲು ತನ್ನ ಪಾಡಿಗೆ ಅಂಟಾಗುತ್ತಿತ್ತು. ಮನೆಯಲ್ಲಿ ಜನರೇಟರ್ ಇರುವಾಗ ಇದೇಕೆ ಎಂದು, ಅವ್ವನ ತುಟಿ ನೀಲಿಯಾದ ಮೇಲೆ ಕಷ್ಟಕಾಲಕ್ಕೆಂದು ಸಮಿತಿ ಕೊಟ್ಟಿದ್ದ ಆಕ್ಸಿಜನ್ ಸಿಲಿಂಡರನ್ನು ಅವನು ಏಪ್ರಿಲ್‌ನಲ್ಲಿ ಉದಾರವಾಗಿ ಹಿಂದಿರುಗಿಸಿದ.

ಮೇ ತಿಂಗಳ ಕೊನೆಯಲ್ಲಿ ಒಂದು ಮಧ್ಯಾಹ್ನ ಮೂರು ಗಂಟೆಗೆ ಗಾಳಿ ಎದ್ದಿತು. ಬನವಾಸಿ ರಸ್ತೆಯ ಕಡೆ ಎಲ್ಲೋ ದೊಡ್ಡ ಮರ ಬಿದ್ದ ಸದ್ದು, ಹಿಂದೆಯೇ ಕರೆಂಟು ಹೋಯಿತು. ಫೋನೂ ಸತ್ತಿತು. ಆಕ್ಸಿಜನ್ ಮಿಷನ್ನು ಒಂದು ಸಲ ಉದ್ದಕ್ಕೆ ಕೂಗಿ ಸುಮ್ಮನಾಯಿತು.

ಮಂಜಪ್ಪ ಐದು ನಿಮಿಷ ಕಾದ, ಬರಬಹುದು ಎಂದು. ಬರಲಿಲ್ಲ. ಅಂಗಳಕ್ಕೆ ಹೋಗಿ ಸೀರೆ ಸರಿಸಿ ಹಗ್ಗ ಎಳೆದ. ಏಳು ಸಲ, ಹತ್ತು ಸಲ, ಹದಿನೈದು ಸಲ. ಮಿಷನ್ನು ಗೊರ್ ಎನ್ನುವುದು, ನಿಲ್ಲುವುದು. ಒಳಗಿನಿಂದ ಪರಿಮಳಾ, "ರೀ, ಅತ್ತಿ ಏದುಸರ ಬಿಡಾಕತ್ತಾರ, ಲಗೂ ಮಾಡ್ರಿ," ಎಂದಳು. ಅವನು ಕಿಟಕಿಯಿಂದ ನೋಡಿದ. ಅವ್ವ ಕುರ್ಚಿಯ ಎರಡೂ ಕೈ ಹಿಡಿದು ಮುಂದಕ್ಕೆ ಬಾಗಿದ್ದಳು. ತುಟಿಯ ಬಣ್ಣ ಬದಲಾಗುತ್ತಿತ್ತು.

ಆಗ ಅವನಿಗೆ ಉಲ್ಲಾಸ ಹೇಳಿದ್ದೆಲ್ಲ ಒಟ್ಟಿಗೆ ನೆನಪಾಯಿತು. ಸ್ಕೂಟರಿನಿಂದ ಒಂದು ಬಾಟಲಿ ಪೆಟ್ರೋಲು ತೆಗೆದ, ಹಳೆಯದನ್ನು ಅಂಗಳಕ್ಕೇ ಚೆಲ್ಲಿ ಹೊಸದನ್ನು ಸುರಿದ. ಎಳೆದ. ಅಂಗೈ ಕಿತ್ತು ರಕ್ತ ಬಂತು. "ಶಿವನೇ, ಇದೊಂದ ಸಲ," ಎನ್ನುತ್ತ ಎಳೆದ. ಮೂವತ್ತಕ್ಕೋ ನಲವತ್ತಕ್ಕೋ ಅದು ಕೆಮ್ಮಿ, ಕಪ್ಪು ಹೊಗೆ ಬಿಟ್ಟು ಗುಡುಗಿತು. ಮಂಜಪ್ಪ ಪ್ಲಗ್ಗು ಸಿಕ್ಕಿಸಲು ಓಡಿದ. ಎರಡು ನಿಮಿಷ ನಡೆಯಿತು. ಆಮೇಲೆ ಹೊಗೆಯನ್ನೆಲ್ಲ ಒಮ್ಮೆಗೇ ಹೊರಹಾಕಿ ಪೂರ್ತಿ ನಿಂತುಹೋಯಿತು.

ಮಂಜಪ್ಪ ಅದರ ಪಕ್ಕ ನೆಲದ ಮೇಲೆ ಕೂತುಬಿಟ್ಟ. ಅವನಿಗೆ ಇನ್ನು ಏನು ಮಾಡಬೇಕೆಂದು ತಿಳಿಯಲಿಲ್ಲ.

ಆದರೆ ಎರಡು ನಿಮಿಷದ ಸದ್ದು ಓಣಿಗೆ ಸಾಕಾಗಿತ್ತು. ಅದು ಮೊದಲ ಭಾನುವಾರವಲ್ಲ, ಹತ್ತು ಗಂಟೆಯೂ ಅಲ್ಲ. ದಾಕ್ಷಾಯಿಣಿ ಗೇಟು ತಳ್ಳಿಕೊಂಡು ಬಂದಳು. ಹಿಂದೆ ಕಮಲಾಕರ, ಕಿರಾಣಿಯವನು, ಭಜನೆಯ ನಾಲ್ಕು ಜನ. ಅವರ ಹಿಂದೆ ಆಟೋದಲ್ಲಿ ಪೆಟ್ಟಿಗೆ ಹೇರಿಕೊಂಡು ಪ್ರಮೋದ. ದಾಕ್ಷಾಯಿಣಿ ಒಳಗೆ ನುಗ್ಗಿದವಳು ಅಲ್ಲಿಂದಲೇ ಕೂಗಿದಳು. "ಜೀವ ಐತಿ. ಉಸರ ಹಿಡಿವಲ್ದು."

ಯಾರು ಹೇಳಿದರೋ ತಿಳಿಯದು. ನಾಲ್ವರು ಅನ್ನಪೂರ್ಣವ್ವನನ್ನು ಕುರ್ಚಿ ಸಮೇತ ಎತ್ತಿದರು. ಅವಳನ್ನು ಮಣ್ಣಿಗೆ ಒಯ್ಯಲು ಬಂದಿದ್ದ ಹೆಗಲುಗಳೇ ಅವು. ಪ್ರಮೋದ ಆಕ್ಸಿಜನ್ ಮಿಷನ್ನನ್ನು ತಾನೇ ಎತ್ತಿಕೊಂಡು ಮುಂದೆ ಓಡಿದ. ರಸ್ತೆ ದಾಟಿದರೆ ಕಮಲಾಕರರ ಮನೆ. ಅಲ್ಲಿ ದೀಪ ಉರಿಯುತ್ತಿತ್ತು, ಫ್ಯಾನು ತಿರುಗುತ್ತಿತ್ತು. ಪ್ಲಗ್ಗು ಸಿಕ್ಕಿತು. ಕೊಳವೆಯಲ್ಲಿ ಗಾಳಿ ಹರಿಯಿತು. ಹತ್ತು ನಿಮಿಷ ಎಲ್ಲರೂ ಅವಳ ತುಟಿಯನ್ನೇ ನೋಡುತ್ತಿದ್ದರು. ಅದು ನಿಧಾನಕ್ಕೆ ತನ್ನ ಬಣ್ಣಕ್ಕೆ ಬಂತು.

ಅನ್ನಪೂರ್ಣವ್ವ ಕಣ್ಣು ತೆರೆದು, ಸುತ್ತ ಇದ್ದವರನ್ನೆಲ್ಲ ನೋಡಿ, ಮಾತಾಡುವಷ್ಟು ಉಸಿರು ಕೂಡಿಸಿಕೊಂಡು ಮಗನಿಗೆ ಹೇಳಿದಳು: "ಸದ್ದ ಇಲ್ಲ ನೋಡ ಇಲ್ಲಿ."

ಮಂಜಪ್ಪ ಕಮಲಾಕರರ ಮೆಟ್ಟಿಲ ಮೇಲೆ ಕೂತು, ಅರವತ್ತೆರಡು ವರ್ಷದ ಗಂಡಸು, ಎಲ್ಲರೆದುರು ಅತ್ತ. ಕಮಲಾಕರ ಪಕ್ಕದಲ್ಲಿ ಕೂತರು. ಇನ್ವರ್ಟರಿನ ಬಗ್ಗೆ ಒಂದು ಮಾತನ್ನೂ ಆಡಲಿಲ್ಲ. ಅವರ ಜೀವಮಾನದಲ್ಲಿ ಅಷ್ಟು ಕಷ್ಟಪಟ್ಟು ನುಂಗಿದ ಮಾತು ಬೇರೆ ಇರಲಾರದು.

ಮಾರನೆಯ ದಿನ ಉಲ್ಲಾಸ ಬಂದು ಮಿಷನ್ನಿನ ಕಾರ್ಬುರೇಟರ್ ಬಿಚ್ಚಿದ. ಒಳಗಿದ್ದದ್ದನ್ನು ಬೆರಳ ತುದಿಯಲ್ಲಿ ತೆಗೆದು ಮಂಜಪ್ಪನಿಗೆ ತೋರಿಸಿದ, ಜೋನಿ ಬೆಲ್ಲದ ಹಾಗೆ ಎಳೆ ಬರುತ್ತಿತ್ತು. "ಹೊರಗಿಂದ ಇಷ್ಟು ಚಂದ ಇಟ್ಟ ಮಿಷನ್ನು ನಾ ನೋಡ್ಲಿಲ್ಲೆ ಮಾರಾಯ್ರೆ," ಎಂದಷ್ಟೇ ಹೇಳಿದ. ಮಂಜಪ್ಪ ತಲೆ ತಗ್ಗಿಸಿದ. ಪ್ರಮೋದ ಸಿಲಿಂಡರನ್ನು ತಿರುಗಿ ತಂದಿಟ್ಟ. ಪರಿಮಳಾ ಗೇಟಿನ ಬೋರ್ಡನ್ನು ಬಿಚ್ಚಿ ಬಚ್ಚಲ ಒಲೆಗೆ ಹಾಕಿದಳು. ತಿಂಗಳಿಗೊಮ್ಮೆ ಸಾಲದು, ವಾರವಾರ ನಡೆಸಿ, ನಾವೂ ಬಂದು ನೋಡುತ್ತೇವೆ ಎಂದು ಓಣಿಯವರೇ ತೀರ್ಮಾನಿಸಿದರು.

ಅಂದಿನಿಂದ ಭಾನುವಾರ ಹತ್ತು ಗಂಟೆಗೆ ಸದ್ದು ಕೇಳಿದರೆ ಜನ ಬರುತ್ತಿದ್ದರು, ಹೂವಿಲ್ಲದೆ. ಕಮಲಾಕರ ಗಡಿಯಾರ ಹಿಡಿದು ಅರ್ಧ ಗಂಟೆ ಎಣಿಸುತ್ತಿದ್ದರು. ದಾಕ್ಷಾಯಿಣಿ ಕರಿಬೇವು ತರುತ್ತಿದ್ದಳು. ಪರಿಮಳಾ ಚಹಾಕ್ಕೆ ಗೊಣಗುವುದನ್ನು ಬಿಟ್ಟಿದ್ದಳು. ಅನ್ನಪೂರ್ಣವ್ವ ಜಗಲಿಯಲ್ಲಿ ಕೊಳವೆ ಸಿಕ್ಕಿಸಿಕೊಂಡು ಕೂತು, ಮಗ ಎಷ್ಟು ಸಲ ಹಗ್ಗ ಎಳೆದ ಎಂದು ಎಲ್ಲರಿಗೂ ಕೇಳುವಂತೆ ಲೆಕ್ಕ ಹೇಳುತ್ತಿದ್ದಳು. ಆ ಮಳೆಗಾಲ ಕರೆಂಟು ಇಪ್ಪತ್ತಾರು ಸಲ ಹೋಯಿತು. ಇಪ್ಪತ್ತಾರು ಸಲವೂ ಮಿಷನ್ನು ಅವಳಿಗೆ ಉಸಿರು ಕೊಟ್ಟಿತು. ಸದ್ದು ಕೇಳಿದವರು ಒಂದು ಕ್ಷಣ ಕೆಲಸ ನಿಲ್ಲಿಸಿ, ತಮ್ಮ ಮನೆಯ ಬಲ್ಬನ್ನು ನೋಡಿ, ಅದು ಆರಿದ್ದರೆ ಸಮಾಧಾನದಿಂದ ಮತ್ತೆ ಕೆಲಸಕ್ಕೆ ತೊಡಗುತ್ತಿದ್ದರು.

ಅನ್ನಪೂರ್ಣವ್ವ ಹೋದದ್ದು ದೀಪಾವಳಿಯಾದ ಎರಡನೆಯ ವಾರ, ಬುಧವಾರ ಬೆಳಿಗ್ಗೆ ಹನ್ನೊಂದಕ್ಕೆ. ಗಾಳಿ ಇರಲಿಲ್ಲ, ಮಳೆ ಇರಲಿಲ್ಲ, ಕರೆಂಟು ಇತ್ತು. ಆಕ್ಸಿಜನ್ ಮಿಷನ್ನು ಸರಿಯಾಗಿಯೇ ನಡೆಯುತ್ತಿತ್ತು. ಪರಿಮಳಾ ಯಲ್ಲಾಪುರಕ್ಕೆ ತಮ್ಮನ ಮನೆಗೆ ಹೋಗಿದ್ದಳು. ಮಂಜಪ್ಪ ಚಹಾದ ಲೋಟ ತೆಗೆದಿಟ್ಟು ಬರುವಷ್ಟರಲ್ಲಿ ಅವ್ವ ಕುರ್ಚಿಯಲ್ಲೇ ತಲೆ ವಾಲಿಸಿದ್ದಳು. ಮಿಷನ್ನು ಗಾಳಿ ಕೊಡುತ್ತಲೇ ಇತ್ತು. ತೆಗೆದುಕೊಳ್ಳುವವರು ಇರಲಿಲ್ಲ. ಅವನು ಸ್ವಲ್ಪ ಹೊತ್ತು ಅವಳ ಕೈ ಹಿಡಿದು ಕೂತ. ಆಮೇಲೆ ಪ್ಲಗ್ಗು ತೆಗೆದ.

ಸುದ್ದಿ ಹೇಳಬೇಕು ಎಂದು ಗೇಟಿಗೆ ಬಂದ. ಎದುರಿಗೆ ಕಮಲಾಕರ ಪೇಪರು ಓದುತ್ತಿದ್ದರು, ಇವನನ್ನು ನೋಡಿ ಕೈ ಎತ್ತಿದರು. ಮಂಜಪ್ಪ ಬಾಯಿ ತೆರೆದ. ಮೂವತ್ತೊಂದು ವರ್ಷ ವರದಿ ಬರೆದ ಮನುಷ್ಯನಿಗೆ ಒಂದು ವಾಕ್ಯ ಹೊರಡಲಿಲ್ಲ. ಅವನೂ ಕೈ ಎತ್ತಿ ಹಿಂದಿರುಗಿದ. ಪರಿಮಳಾಗೆ ಫೋನು ಹಚ್ಚಿದ, ಅವಳು ಎತ್ತುವ ಮೊದಲೇ ಇಟ್ಟುಬಿಟ್ಟ.

ಅವನು ಅಂಗಳದ ಮೂಲೆಗೆ ಹೋಗಿ ಇಳಕಲ್ ಸೀರೆಯನ್ನು ತೆಗೆದು ಮಡಚಿಟ್ಟ. ಪೆಟ್ರೋಲಿನ ಚಾವಿ ತಿರುಗಿಸಿದ. ಲೋಡ್ ಇಲ್ಲದೆ ನಡೆಸಬಾರದು ಎಂಬುದು ನಿಯಮ. ಭಾನುವಾರದ ರೂಢಿಯಂತೆ ಅವ್ವನ ಮಿಷನ್ನಿನ ಪ್ಲಗ್ಗನ್ನು ತಂದು ಸಿಕ್ಕಿಸಿದ. ಹಗ್ಗ ಎಳೆದ. ಎಣಿಸುವವರು ಇಲ್ಲದ ಆ ದಿನ ಅದು ಮೊದಲ ಎಳೆತಕ್ಕೇ ಗುಡುಗಿತು.

ಓಣಿಯವರು ಬಲ್ಬು ನೋಡಿದರು. ಬಲ್ಬು ಉರಿಯುತ್ತಿತ್ತು. ಬುಧವಾರ.

ಕಮಲಾಕರ ಪೇಪರು ಕೆಳಗಿಟ್ಟು ರಸ್ತೆ ದಾಟಿ ಬಂದರು. ಕಿರಾಣಿಯ ಷಟರು ಇಳಿಯಿತು. ಒಬ್ಬೊಬ್ಬರಾಗಿ ಅಂಗಳ ತುಂಬಿತು. ಯಾರು ಎಂದು ಯಾರೂ ಕೇಳಲಿಲ್ಲ. ಪ್ರಮೋದ ಖಾಲಿ ಕೈಯಲ್ಲಿ ನಡೆದೇ ಬಂದು ಗೇಟಿನ ಹತ್ತಿರ ನಿಂತ. ದಾಕ್ಷಾಯಿಣಿ ರೊಟ್ಟಿ ತಟ್ಟುತ್ತಿದ್ದವಳು ಹಿಟ್ಟಿನ ಕೈಯಲ್ಲೇ ಬಂದು ಒಳಗೆ ಹೋದಳು. ಬಹಳ ಹೊತ್ತು ಒಳಗೇ ಇದ್ದಳು. ಹೊರಗೆ ಬಂದು, ಮಿಷನ್ನಿನ ಪಕ್ಕ ಹಗ್ಗ ಹಿಡಿದೇ ನಿಂತಿದ್ದ ಮಂಜಪ್ಪನ ಕಿವಿಗೆ ಕೇಳುವಷ್ಟು ಹತ್ತಿರ ಹೋಗಿ ಅವನ ತೋಳು ಮುಟ್ಟಿದಳು.

"ಸಾಕು, ಬಂದ್ ಮಾಡು ಮಂಜಣ್ಣ. ಎಲ್ಲಾರೂ ಬಂದೀವಿ."

ಮಂಜಪ್ಪ ಸ್ವಿಚ್ಚಿಗೆ ಕೈ ಹಾಕಿದ.